ದ್ವೇಷದ ಆರೋಪಕ್ಕೆ ಪುರಾವೆ ಯಾವುದು?

2020ರ ಏಪ್ರಿಲ್ ಕೊನೆಯ ಹೊತ್ತಿಗೆ ಆಂಧ್ರಪ್ರದೇಶದಲ್ಲಿ ಅತಿ ಹೆಚ್ಚು ಕೊರೊನಾ ಪ್ರಕರಣಗಳಿದ್ದ ಜಿಲ್ಲೆ ಕರ್ನೂಲು. ತುಂಗಭದ್ರೆಯ ದಂಡೆಯ ನಾಗಲದಿನ್ನೆಯಿಂದ ಹಿಡಿದು ಆದೋನಿಯವರೆಗೆ ಜನ ಮನೆಯೊಳಗೇ ಕೂತು ಟಿ.ವಿ. ನೋಡುತ್ತಿದ್ದ ದಿನಗಳವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದರೂ ಈ ಸೀಮೆಯ ಅನೇಕ ಮನೆಗಳಲ್ಲಿ ಮಾತು ಕನ್ನಡವೇ. ಸುದ್ದಿ ಮಾತ್ರ ಎರಡು ಭಾಷೆಗಳಲ್ಲಿ ಬರುತ್ತದೆ. ಅಂದು ಆ ಸುದ್ದಿಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದ್ದ ಹೆಸರು ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ಮಾರ್ಚ್‌ನಲ್ಲಿ ಸಭೆ ನಡೆಸಿದ್ದ ತಬ್ಲೀಗಿ ಜಮಾತ್. ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯ ಒಂದು ಅಂಕಿ ಕೊಟ್ಟಿತು: ದೇಶದ 14,378 ಪ್ರಕರಣಗಳಲ್ಲಿ 4,291, ಅಂದರೆ ಶೇ 29.8, ಈ ಸಭೆಯ ನಂಟಿನವು.

ಆ ಸಭೆಯಿಂದ ಸೋಂಕು ಹರಡಿದ್ದು ನಿಜ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಶೇ 29.8 ಎಂಬ ಅಂಕಿ ಹೇಗೆ ಹುಟ್ಟಿತು ಎಂದು ಕೇಳಿದವರು ಕಡಿಮೆ. ಒಂದು ಊರಿನಲ್ಲಿ ಎರಡು ಓಣಿಗಳಿವೆ, ಒಂದೊಂದರಲ್ಲೂ 1,000 ಜನ, ಒಂದೊಂದರಲ್ಲೂ 50 ಮಂದಿಗೆ ಸೋಂಕು ಎಂದಿಟ್ಟುಕೊಳ್ಳಿ. ಮೊದಲ ಓಣಿಯಲ್ಲಿ ಎಲ್ಲರಿಗೂ ಪರೀಕ್ಷೆ ಮಾಡಿದರೆ 50 ಮಂದಿಯೂ ಸಿಗುತ್ತಾರೆ. ಎರಡನೆಯದರಲ್ಲಿ 100 ಮಂದಿಗೆ ಮಾತ್ರ ಮಾಡಿದರೆ ಸಿಗುವವರು ಸುಮಾರು 5. ಸಂಜೆಯ ಸುದ್ದಿಯಲ್ಲಿ ಊರಿನ ಶೇ 91 ಸೋಂಕು ಮೊದಲ ಓಣಿಯದೇ ಎಂದು ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಅದರಿಂದ ಹೊರಡಿಸಿದ ತೀರ್ಮಾನ ಪೂರ್ತಿ ತಪ್ಪು. ಆ ತಿಂಗಳು ದೇಶದಲ್ಲಿ ಪರೀಕ್ಷಾ ಕಿಟ್‌ಗಳೇ ಕಡಿಮೆ ಇದ್ದವು. ಒಂದು ಸಭೆಗೆ ಹೋಗಿಬಂದವರನ್ನೂ ಅವರ ಬಂಧುಗಳನ್ನೂ ಹುಡುಕಿ ಹುಡುಕಿ ಪರೀಕ್ಷಿಸಲಾಯಿತು. ಸಾಂಕ್ರಾಮಿಕ ರೋಗದ ಹೊತ್ತಿನಲ್ಲಿ ಅದು ಮಾಡಬೇಕಾದ ಕೆಲಸವೇ. ಆದರೆ ಹುಡುಕಿದ್ದಕ್ಕೇ ಹೆಚ್ಚು ಸಿಕ್ಕರು ಎಂಬುದನ್ನು ಮರೆತು, ಹೆಚ್ಚು ಸಿಕ್ಕಿದ್ದನ್ನೇ ಅಪರಾಧದ ಸಾಕ್ಷಿಯಾಗಿ ತೋರಿಸಿದಾಗ ರೋಗದ ಅಂಕಿ ಒಂದು ಸಮುದಾಯದ ಮೇಲಿನ ಆರೋಪವಾಯಿತು. ‘ಕೊರೊನಾ ಜಿಹಾದ್’ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಿತು.

ಆಂಧ್ರ-ಕರ್ನಾಟಕ ಗಡಿಯ ಎರಡೂ ಕಡೆಯ ಮುಖ್ಯಮಂತ್ರಿಗಳು, ಬೇರೆ ಬೇರೆ ಪಕ್ಷದವರು, ಆಗ ಆಡಿದ ಮಾತನ್ನು ನೆನೆಯಬೇಕು. ಇಂಥದು ಯಾವ ಧರ್ಮದ ಸಭೆಯಲ್ಲಾದರೂ ಆಗಬಹುದಿತ್ತು, ಅದಕ್ಕೆ ಧರ್ಮದ ಬಣ್ಣ ಬಳಿಯಬೇಡಿ ಎಂದರು ಜಗನ್‌ಮೋಹನ ರೆಡ್ಡಿ. ಬಿಡಿ ಘಟನೆಗಳಿಗೆ ಇಡೀ ಮುಸ್ಲಿಂ ಸಮುದಾಯವನ್ನು ದೂರಿದರೆ ಕ್ರಮ ಕೈಗೊಳ್ಳುತ್ತೇನೆ ಎಂದರು ಯಡಿಯೂರಪ್ಪ. ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಜಮಾತ್‌ನ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಮಾಡಿ, ಇವರನ್ನು ಬಲಿಪಶು ಮಾಡಲಾಗಿದೆ ಎಂದಿತು. ಮಾಧ್ಯಮಗಳ ಪ್ರಚಾರವನ್ನೂ ಟೀಕಿಸಿತು. 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರವು ಇದೇ ವರದಿಗಾರಿಕೆಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ದೂರು ಕೊಟ್ಟದ್ದು ಬೆಂಗಳೂರಿನ ನಾಗರಿಕರ ಒಂದು ಗುಂಪು.

ದ್ವೇಷ ಹರಡಿದಿರಿ ಎಂಬ ಆರೋಪಕ್ಕೆ ಉತ್ತರ ಎಲ್ಲೆಲ್ಲೂ ಒಂದೇ: ನಮಗೆ ದ್ವೇಷವಿಲ್ಲ, ಇದ್ದದ್ದನ್ನು ಹೇಳಿದೆವು, ಆರೋಪ ರಾಜಕೀಯ ಪ್ರೇರಿತ. ಎದೆ ಬಗೆದು ನೋಡುವ ಉಪಕರಣ ಯಾರ ಬಳಿಯೂ ಇಲ್ಲವಾದ್ದರಿಂದ ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ. ಹಾಗೆ ನಿಲ್ಲಬೇಕಾಗಿಲ್ಲ. ಯೆಹೂದಿ ದ್ವೇಷದ ವಿಷಯದಲ್ಲಿ ಯುರೋಪು ಈ ಪ್ರಶ್ನೆಯನ್ನು ಏಳು ಶತಮಾನಗಳಿಂದ ಎದುರಿಸುತ್ತ ಬಂದಿದೆ. ಅಲ್ಲಿ ಕಲಿಯಬೇಕಾದ್ದು ಬೇಕಾದಷ್ಟಿದೆ.

1348ರಲ್ಲಿ ಮಹಾಪ್ಲೇಗು ಯುರೋಪಿನಲ್ಲಿ ಹರಡುತ್ತಿದ್ದಾಗ, ಯೆಹೂದಿಗಳು ಬಾವಿಗಳಿಗೆ ವಿಷ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿತು. ಜಿನೀವಾ ಸರೋವರದ ದಡದ ಶಿಯೋನ್ ಕೋಟೆಯಲ್ಲಿ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಂಡು ಊರೂರಿಗೆ ಕಳಿಸಿದರು. 1349ರ ಫೆಬ್ರುವರಿ 14ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯೆಹೂದಿಗಳನ್ನು ಸುಟ್ಟುಹಾಕಿದಾಗ ಆ ಊರಿಗೆ ಪ್ಲೇಗು ಇನ್ನೂ ಬಂದೇ ಇರಲಿಲ್ಲ. ಅದಕ್ಕೂ ಮೊದಲೇ ಪೋಪ್ ಆರನೇ ಕ್ಲೆಮೆಂಟ್ ಆಜ್ಞಾಪತ್ರ ಹೊರಡಿಸಿ ಎರಡು ಸಂಗತಿ ತೋರಿಸಿಕೊಟ್ಟಿದ್ದ. ಪ್ಲೇಗಿಗೆ ಯೆಹೂದಿಗಳೂ ಸಾಯುತ್ತಿದ್ದಾರೆ. ಯೆಹೂದಿಗಳೇ ಇಲ್ಲದ ನಾಡುಗಳಲ್ಲೂ ಪ್ಲೇಗಿದೆ. ಸೂಕ್ಷ್ಮಜೀವಿಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ಇದು ಅಪ್ಪಟ ವೈಜ್ಞಾನಿಕ ವಾದ. ಆರೋಪಿ ಇಲ್ಲದ ಕಡೆಯೂ ರೋಗ ಇದೆಯೇ ಎಂದು ನೋಡುವುದು ಇಂದಿಗೂ ಸಾಂಕ್ರಾಮಿಕ ರೋಗಶಾಸ್ತ್ರದ ಮೊದಲ ಪಾಠ.

ವಾದ ಸರಿಯಿದ್ದರೂ ಜನ ಕೇಳಲಿಲ್ಲ, ಮತ್ತು ಆ ವಿಷ ಆ ತಲೆಮಾರಿಗೇ ಮುಗಿಯಲೂ ಇಲ್ಲ. ನಿಕೊ ಫೋಯ್ಗ್ಟ್‌ಲೆಂಡರ್ ಮತ್ತು ಹಾನ್ಸ್-ಯೋಆಕಿಮ್ ಫೋಥ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದವರು ಅದನ್ನು ಸುಲಭಕ್ಕೆ ಮರೆಯಲಾರರು. ಪ್ಲೇಗಿನ ಕಾಲದಲ್ಲಿ ಯೆಹೂದಿಗಳ ಕೊಲೆ ನಡೆದಿದ್ದ ಜರ್ಮನ್ ಪಟ್ಟಣಗಳಲ್ಲಿ, ಸುಮಾರು 600 ವರ್ಷಗಳ ನಂತರ, 1928ರ ಚುನಾವಣೆಯಲ್ಲಿ ನಾತ್ಸಿ ಪಕ್ಷಕ್ಕೆ ಬಿದ್ದ ಮತಗಳು ಹೆಚ್ಚು. ಯೆಹೂದಿ ದ್ವೇಷವನ್ನೇ ಕಸುಬಾಗಿಸಿಕೊಂಡಿದ್ದ ‘ಡೆರ್ ಸ್ಟ್ಯೂರ್ಮರ್’ ಪತ್ರಿಕೆಗೆ ಅಲ್ಲಿಂದ ಹೋದ ಓದುಗರ ಪತ್ರಗಳೂ ಹೆಚ್ಚು. ದೂರದ ವ್ಯಾಪಾರಕ್ಕೆ ತೆರೆದುಕೊಂಡಿದ್ದ ಪಟ್ಟಣಗಳಲ್ಲಿ ಮಾತ್ರ ಈ ಮುಂದುವರಿಕೆ ಕಾಣಲಿಲ್ಲ. ನನಗೆ ಇದರಲ್ಲಿ ಸಮಾಧಾನ ಕೊಡುವ ಸಂಗತಿ ಅದೊಂದೇ.

ಇನ್ನು ನಮ್ಮ ಕಾಲದ ಉದಾಹರಣೆ, ಬ್ರಿಟನ್ನಿನ ಲೇಬರ್ ಪಕ್ಷ. 2015ರಲ್ಲಿ ಜೆರೆಮಿ ಕಾರ್ಬಿನ್ ನಾಯಕರಾದ ಮೇಲೆ, ಪಕ್ಷದಲ್ಲಿ ಯೆಹೂದಿ ದ್ವೇಷ ಬೆಳೆಯುತ್ತಿದೆ ಎಂಬ ಆರೋಪ ವರ್ಷಗಟ್ಟಲೆ ನಡೆಯಿತು. ಪ್ಯಾಲೆಸ್ಟೀನ್ ಪರ ಮಾತಾಡುವವರ ಬಾಯಿ ಮುಚ್ಚಿಸಲು ಹೂಡಿದ ತಂತ್ರವಿದು ಎಂದಿತು ಒಂದು ಕಡೆ. ಯೆಹೂದಿಗಳ ನೋವನ್ನು ತಂತ್ರ ಎನ್ನುವುದೇ ದ್ವೇಷ ಎಂದಿತು ಇನ್ನೊಂದು ಕಡೆ. 2019ರಲ್ಲಿ ನಡೆದ ಒಂದು ಸಮೀಕ್ಷೆ, ಲೇಬರ್ ಸದಸ್ಯರಲ್ಲಿ ಶೇಕಡಾ ಎಷ್ಟು ಜನರ ಮೇಲೆ ಇಂಥ ದೂರುಗಳಿವೆ ಎಂದು ಜನರನ್ನು ಕೇಳಿತು. ಉತ್ತರಗಳ ಸರಾಸರಿ ಶೇ 34. ವಾಸ್ತವದಲ್ಲಿ ಅದು ಶೇ 1ಕ್ಕಿಂತ ಬಹಳ ಕಡಿಮೆ. ಮತ್ತೆ ಮತ್ತೆ ಕಿವಿಗೆ ಬೀಳುವುದನ್ನು ಮನಸ್ಸು ಎಲ್ಲೆಡೆ ಇರುವುದೆಂದು ಎಣಿಸುತ್ತದೆ. 1973ರಲ್ಲೇ ಮನೋವಿಜ್ಞಾನಿಗಳಾದ ಟ್ವರ್ಸ್ಕಿ ಮತ್ತು ಕಾಹ್ನೆಮನ್ ಇದನ್ನು ವಿವರಿಸಿದ್ದರು.

ಹಾಗಾದರೆ ಆರೋಪ ಸುಳ್ಳೇ? ಅವಸರ ಬೇಡ. ಲಂಡನ್ನಿನ ಯೆಹೂದಿ ನೀತಿ ಸಂಶೋಧನಾ ಸಂಸ್ಥೆಗಾಗಿ ಡೇನಿಯಲ್ ಸ್ಟಾಯೆಟ್‌ಸ್ಕಿ 2017ರಲ್ಲಿ ಹೊರತಂದ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಬ್ರಿಟನ್ ನಿವಾಸಿಗಳ ಉತ್ತರಗಳಿವೆ. ಬೇರೆಯವರನ್ನು ಸುಲಿದು ಯೆಹೂದಿಗಳು ಶ್ರೀಮಂತರಾಗುತ್ತಾರೆ, ತಾವೇ ಮೇಲೆಂದು ತಿಳಿಯುತ್ತಾರೆ ಎಂಬಂಥ ಹೇಳಿಕೆಗಳನ್ನು ಮುಂದಿಟ್ಟು ಒಪ್ಪುತ್ತೀರಾ ಎಂದು ಕೇಳಲಾಗಿತ್ತು. ಹಲವನ್ನು ಒಪ್ಪುವ ಗಟ್ಟಿ ದ್ವೇಷಿಗಳು ಸುಮಾರು ಶೇ 2. ಸ್ವಲ್ಪ ಮೆದುವಾದವರನ್ನು ಸೇರಿಸಿದರೆ ಸುಮಾರು ಶೇ 5. ಆದರೆ ಕನಿಷ್ಠ ಒಂದು ಹೇಳಿಕೆಯನ್ನಾದರೂ ಒಪ್ಪಿದವರು ಶೇ 30. ಹೀಗೆ ಒಪ್ಪಿದ ಬಹುಪಾಲು ಜನ ದ್ವೇಷಿಗಳಲ್ಲ. ಎಲ್ಲೋ ಕೇಳಿದ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡವರು. ಯೆಹೂದಿ ಮನೆತನದ ಒಬ್ಬ ಹೆಣ್ಣುಮಗಳು ವರ್ಷದಲ್ಲಿ ನೂರಾರು ಜನರೊಂದಿಗೆ ಮಾತಾಡುತ್ತಾಳೆ. ಅವರಲ್ಲಿ ಗಟ್ಟಿ ದ್ವೇಷಿಗಳು ಬೆರಳೆಣಿಕೆಯಷ್ಟಿದ್ದರೂ, ಚುಚ್ಚುವ ಆ ಒಂದು ಮಾತು ಮೂವರಲ್ಲಿ ಒಬ್ಬರ ಬಾಯಿಂದ ಬರಬಹುದು. ದ್ವೇಷಿಗಳು ಕಡಿಮೆ ಎಂಬುದೂ, ದ್ವೇಷದ ಮಾತು ಆಕೆಗೆ ಎಲ್ಲೆಲ್ಲೂ ಎದುರಾಗುತ್ತದೆ ಎಂಬುದೂ ಒಟ್ಟಿಗೇ ನಿಜ. ಎರಡು ಬಣಗಳೂ ಒಂದೊಂದು ಅಂಕಿ ಹಿಡಿದುಕೊಂಡು ಇನ್ನೊಂದನ್ನು ಸುಳ್ಳೆಂದವು. ಅದೇ ಅಧ್ಯಯನದ ಇನ್ನೆರಡು ಫಲಿತಾಂಶಗಳೂ ಹೀಗೇ ಎರಡು ಕಡೆಗೂ ಕಹಿ. ಎಡಪಂಥೀಯರಲ್ಲಿ ಯೆಹೂದಿ ದ್ವೇಷ ಸಾಮಾನ್ಯ ಜನರಷ್ಟೇ, ಕಡು ಬಲಪಂಥೀಯರಲ್ಲಿ ಅದಕ್ಕಿಂತ ಹೆಚ್ಚು. ಆದರೆ ಇಸ್ರೇಲ್ ಮೇಲಿನ ಸಿಟ್ಟು ತೀವ್ರವಾದಷ್ಟೂ ಯೆಹೂದಿ ದ್ವೇಷವಿರುವ ಸಂಭವವೂ ಏರುತ್ತದೆ.

2020ರ ಅಕ್ಟೋಬರ್ 29ರಂದು ಬ್ರಿಟನ್ನಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಲೇಬರ್ ಪಕ್ಷದ ಬಗ್ಗೆ ವರದಿ ಕೊಟ್ಟಿತು. ಯಾರ ಮನಸ್ಸಿನಲ್ಲಿ ಏನಿತ್ತು ಎಂಬ ಗೋಜಿಗೆ ಹೋಗದೆ ಅದು 70 ದೂರುಗಳ ಕಡತ ತೆಗೆದು, ದೂರು ಬಂದ ಮೇಲೆ ಏನಾಯಿತು ಎಂದು ನೋಡಿತು. ನಾಯಕನ ಕಚೇರಿಯವರೂ ಇತರರೂ ಸಲ್ಲದ ರೀತಿ ಕೈಹಾಕಿದ 23 ನಿದರ್ಶನಗಳು ಸಿಕ್ಕವು. ಪಕ್ಷ ಕಾನೂನು ಮುರಿದಿದೆ ಎಂದು ಆಯೋಗ ತೀರ್ಮಾನಿಸಿತು. ಸಮಸ್ಯೆಯ ಗಾತ್ರವನ್ನು ವಿರೋಧಿಗಳೂ ಮಾಧ್ಯಮಗಳೂ ರಾಜಕೀಯ ಕಾರಣಕ್ಕೆ ಹಿಗ್ಗಿಸಿದವು ಎಂದ ಕಾರ್ಬಿನ್ ಅಂದೇ ಅಮಾನತಾದರು. ಪಕ್ಷವೇ ನೇಮಿಸಿದ್ದ ಮಾರ್ಟಿನ್ ಫೋರ್ಡ್ ಸಮಿತಿ 2022ರ ಜುಲೈನಲ್ಲಿ, ಎರಡು ಬಣಗಳೂ ಈ ವಿಷಯವನ್ನು ಒಳಜಗಳದ ಆಯುಧ ಮಾಡಿಕೊಂಡಿದ್ದವು ಎಂದಿತು. ಆಯುಧವಾಗಿತ್ತು ಎಂದಮಾತ್ರಕ್ಕೆ ಗಾಯ ಸುಳ್ಳಾಗುವುದಿಲ್ಲ.

ಈ ಜಗಳದ ನಡುವೆ ಇದ್ದದ್ದು ಯೆಹೂದಿ ದ್ವೇಷ ಎಂದರೇನು ಎಂಬ ಒಂದು ವ್ಯಾಖ್ಯೆ. 2016ರಲ್ಲಿ ಅಂತರರಾಷ್ಟ್ರೀಯ ಹೋಲೊಕಾಸ್ಟ್ ಸ್ಮರಣಾ ಒಕ್ಕೂಟ ಅಂಗೀಕರಿಸಿದ ಆ ವ್ಯಾಖ್ಯೆಗೆ 11 ಉದಾಹರಣೆಗಳಿವೆ. 7 ಇಸ್ರೇಲ್‌ಗೆ ಸಂಬಂಧಿಸಿದವು. ಅದರ ಮೂಲ ಕರಡನ್ನು ಸಿದ್ಧಪಡಿಸುವುದರಲ್ಲಿ ಮುಂದಿದ್ದ ಅಮೆರಿಕದ ವಕೀಲ ಕೆನೆತ್ ಸ್ಟರ್ನ್ ಸ್ವತಃ ಯೆಹೂದಿ. ಬೇರೆ ಬೇರೆ ದೇಶಗಳಲ್ಲಿ ನಡೆಯುವ ಘಟನೆಗಳನ್ನು ಒಂದೇ ಅಳತೆಯಲ್ಲಿ ಎಣಿಸಲೆಂದು ಅದನ್ನು ಮಾಡಿದ್ದು, ವಿಶ್ವವಿದ್ಯಾಲಯಗಳಲ್ಲಿ ಮಾತಿಗೆ ಶಿಕ್ಷೆ ಕೊಡಲು ಅದನ್ನು ಬಳಸುವುದು ತಪ್ಪು ಎಂದು ಅವರು 2017ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಹೇಳಿದರು. 2021ರಲ್ಲಿ ಸುಮಾರು 200 ವಿದ್ವಾಂಸರು ಜೆರುಸಲೇಮ್ ಘೋಷಣೆ ಎಂಬ ಬದಲಿ ವ್ಯಾಖ್ಯೆ ಮುಂದಿಟ್ಟರು. ಸ್ಟರ್ನ್ ಹೇಳಿದ್ದು ಸರಿ ಎಂಬುದು ನನ್ನ ಅಭಿಪ್ರಾಯ. ಎಣಿಕೆಗೆ ಮಾಡಿದ ಸಾಧನದಲ್ಲಿ ಒಂದಿಷ್ಟು ತಪ್ಪು ಇದ್ದರೂ ನಡೆಯುತ್ತದೆ, ಸರಾಸರಿಯಲ್ಲಿ ಅದು ಅಡಗಿಹೋಗುತ್ತದೆ. ಅದೇ ಸಾಧನದಿಂದ ಒಬ್ಬ ವ್ಯಕ್ತಿಗೆ ಶಿಕ್ಷೆ ಕೊಟ್ಟರೆ ಆ ತಪ್ಪನ್ನೆಲ್ಲ ಅವನೇ ಹೊರಬೇಕಾಗುತ್ತದೆ.

ಮನಸ್ಸನ್ನು ಬಗೆಯದೆ ಪೂರ್ವಗ್ರಹವನ್ನು ಅಳೆಯುವ ಪರೀಕ್ಷೆಗಳಲ್ಲಿ ಗಟ್ಟಿಯಾದದ್ದು ಹೆಸರು ಬದಲಿಸಿ ನೋಡುವುದು. ಸುಖದೇವ್ ಥೋರಟ್ ಮತ್ತು ಪಾಲ್ ಅಟಿವೆಲ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪತ್ರಿಕೆಗಳ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳು ಹೋದವು. ವಿದ್ಯಾರ್ಹತೆ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ಮುಂದಿನ ಹಂತಕ್ಕೆ ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಆ ಕಂಪನಿಗಳಲ್ಲಿ ಯಾರೊಬ್ಬರೂ ತಮಗೆ ದ್ವೇಷವಿದೆ ಎಂದು ಒಪ್ಪಬೇಕಾಗಿಲ್ಲ, ಫಲಿತಾಂಶವೇ ಹೇಳುತ್ತದೆ.

ಒಂದೇ ಮಾತು, ಒಂದೇ ಸಲ ಆಡಿದ್ದು, ಹೋಲಿಸಲು ಮತ್ತೇನೂ ಇಲ್ಲ ಎಂದಾದರೆ? ಅಂಥ ಮಾತೊಂದು ನಮ್ಮ ಬೆಂಗಳೂರಿನಲ್ಲೇ ಆಡಲ್ಪಟ್ಟಿತು. ಕ್ವಾಂಟಂ ಭೌತಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್ ಯೆಹೂದಿ ಮನೆತನದವರು. 1933ರ ಏಪ್ರಿಲ್‌ನಲ್ಲಿ ನಾತ್ಸಿ ಸರ್ಕಾರ ತಂದ ಕಾನೂನಿನಿಂದ ಗಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯಿಂದ ಅವರನ್ನು ಹೊರಗಿಟ್ಟರು. ಅದು ಅವರಿಗೆ ತಿಳಿದದ್ದು ಪತ್ರಿಕೆಯಲ್ಲಿ ಬಂದ ಪಟ್ಟಿಯಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಬಾರ್ನ್ ಅವರನ್ನು ಬರಮಾಡಿಕೊಂಡರು. 1935ರ ಕೊನೆಯಿಂದ ಸುಮಾರು ಆರು ತಿಂಗಳು ಬಾರ್ನ್ ದಂಪತಿ ಬೆಂಗಳೂರಿನಲ್ಲಿದ್ದರು. ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಇಟ್ಟುಕೊಳ್ಳಬೇಕೆಂದು ರಾಮನ್ ಅಧ್ಯಾಪಕರ ಸಭೆಯಲ್ಲಿ ಹೊಗಳಿ ಪ್ರಸ್ತಾಪಿಸಿದರು. ಆಗ ಆಸ್ಟನ್ ಎಂಬ ಇಂಗ್ಲೆಂಡಿನ ಪ್ರಾಧ್ಯಾಪಕ ಎದ್ದು, ಸ್ವಂತ ದೇಶದಿಂದಲೇ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದ. ಬಾರ್ನ್ ಆ ಸಭೆಯಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತೆ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಆಸ್ಟನ್ ಯೆಹೂದಿ ದ್ವೇಷಿಯೇ? ಅವನ ಮಾತಿನಲ್ಲಿ ಯೆಹೂದಿ ಎಂಬ ಶಬ್ದವೇ ಇಲ್ಲ. ಸಂಸ್ಥೆಯಲ್ಲಿ ಆಗ ರಾಮನ್ ವಿರುದ್ಧ ದೊಡ್ಡ ಬಣವಿತ್ತು. ಮರುವರ್ಷ ಅವರು ನಿರ್ದೇಶಕನ ಹುದ್ದೆಯನ್ನೇ ಬಿಡಬೇಕಾಯಿತು. ಆಸ್ಟನ್‌ನ ಗುರಿ ರಾಮನ್ ಇರಬಹುದು. ಅವನ ಮನಸ್ಸನ್ನು ಓದುವ ದಾರಿ ಈಗ ಇಲ್ಲ. ಆದರೆ ಮಾತನ್ನು ಮಾತ್ರ ನೋಡಿದರೂ ಸಾಕು. ಬಾರ್ನ್ ಹೊರದಬ್ಬಿಸಿಕೊಂಡದ್ದು ಯೆಹೂದಿಯಾದ್ದಕ್ಕೆ. ಹಾಗೆ ಅವರಿಗೆ ಆದ ಅನ್ಯಾಯವನ್ನೇ ಅವರ ಕುಂದು ಎಂದು ಎತ್ತಿ ತೋರಿಸಿತು ಆ ಮಾತು. 2020ರಲ್ಲಿ ಹುಡುಕಿ ಪರೀಕ್ಷಿಸಿದ್ದರಿಂದ ಸಿಕ್ಕವರ ಸಂಖ್ಯೆಯನ್ನೇ ಅವರ ತಪ್ಪೆಂದು ತೋರಿಸಿದ್ದು ಇದೇ ತರ್ಕ. ಶಿಯೋನ್ ಕೋಟೆಯಲ್ಲಿ ಹಿಂಸಿಸಿ ಬರೆಸಿಕೊಂಡದ್ದನ್ನೇ ಸಾಕ್ಷಿ ಮಾಡಿದ್ದೂ ಇದೇ. ಮಾಡಿದ್ದನ್ನು ಮಾಡಿಸಿಕೊಂಡವರ ಲೆಕ್ಕಕ್ಕೆ ಬರೆಯುವುದು ಎಲ್ಲಿ ಕಂಡರೂ, ಆಡಿದವರ ಮನಸ್ಸಿನಲ್ಲಿ ಏನಿತ್ತೆಂದು ಕಾಯದೆ ಅದನ್ನು ಪೂರ್ವಗ್ರಹ ಎನ್ನಬಹುದು ಎಂಬುದು ನನ್ನ ನಿಲುವು. ಬೆಂಗಳೂರು ಕಳೆದುಕೊಂಡ ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು.

ನಾಗಲದಿನ್ನೆಯ ಸೀಮೆಗೆ ಕೂಡಿ ಬಾಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಂಚಾಲೆಯನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ರಾಘವೇಂದ್ರ ಸ್ವಾಮಿಗಳಿಗೆ ಕೊಟ್ಟವನು ಆದೋನಿಯ ಸಿದ್ದಿ ಮಸೂದ್ ಖಾನ್ ಎಂದು ಮಠದ ಪರಂಪರೆಯೇ ಹೇಳುತ್ತದೆ. ಪೀರಲ ಹಬ್ಬದಲ್ಲಿ ಅಲಾಯಿ ಕುಣಿಯುವವರಲ್ಲಿ ಹಿಂದೂಗಳೂ ಇರುತ್ತಾರೆ. ಆದರೆ ಪರದೆಯ ಮೇಲೆ ಬರುವ ಅಂಕಿಯನ್ನು ಪ್ರಶ್ನಿಸಲು ಸೌಹಾರ್ದವೊಂದೇ ಸಾಲದು, ಒಂದಿಷ್ಟು ಲೆಕ್ಕವೂ ಬೇಕು. ಒಂದು ಸಮುದಾಯದ ಹೆಸರು ಹಿಡಿದು ಶೇಕಡಾವಾರು ಹೇಳಿದಾಗ, ಎಷ್ಟು ಜನರನ್ನು ಪರೀಕ್ಷಿಸಿದಿರಿ, ಉಳಿದವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷಿಸಿದಿರಿ ಎಂದು ಕೇಳಿ. ಉತ್ತರ ಸಿಗದಿದ್ದರೆ ಬರೆದು ಕೇಳಿ. ಸುದ್ದಿ ಪ್ರಸಾರವಾದ 7 ದಿನಗಳೊಳಗೆ ಯಾರು ಬೇಕಾದರೂ ವಾಹಿನಿಗೆ ಲಿಖಿತ ದೂರು ಕೊಡಬಹುದು. ಉತ್ತರ ಒಪ್ಪಿಗೆಯಾಗದಿದ್ದರೆ, ಆ ವಾಹಿನಿ ಸದಸ್ಯತ್ವ ಹೊಂದಿದ್ದಲ್ಲಿ, ಸ್ವನಿಯಂತ್ರಣ ಪ್ರಾಧಿಕಾರಕ್ಕೆ ಹೋಗಬಹುದು. 2021ರ ದಂಡ ಬಿದ್ದದ್ದು ಅಂಥ ದೂರುಗಳಿಂದಲೇ.