ಮುಂಗೋಪಿಯೂ ಐವರ ತಂಡವೂ

ಊರ್ಡಿಗೆರೆಯು ದೇವರಾಯನದುರ್ಗದ ಬೆಟ್ಟಗಳ ಮಗ್ಗುಲಿನಲ್ಲಿರುವ, ತುಮಕೂರು ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಸ್ಥಳ. ಶಾಲಾಮಕ್ಕಳ ಆಟದ ಪಂದ್ಯಗಳು ನಮ್ಮ ರಾಜ್ಯದಲ್ಲಿ ಹೋಬಳಿಯಿಂದ ಮೊದಲಾಗಿ, ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿ ರಾಜ್ಯದ ಮಟ್ಟಕ್ಕೆ ಏರತಕ್ಕವು. ಆದುದರಿಂದ ನಾಡಿನ ಉತ್ತಮ ಆಟಗಾರನು ಯಾರೆಂಬ ಪ್ರಶ್ನೆಗೆ ಮೊದಲನೆಯ ಉತ್ತರವನ್ನು ಬರೆಯುವವರು ರಾಜಧಾನಿಯ ಆಯ್ಕೆ ಸಮಿತಿಯವರಲ್ಲ. ಇಂತಹ ಊರಿನ ಶಾಲೆಯ ವ್ಯಾಯಾಮದ ಮೇಷ್ಟ್ರು. ಪಂದ್ಯಕ್ಕೆ ಮುಂಚೆ ಅವರು ಪಟ್ಟಿಯನ್ನು ಬರೆಯಲು ಕುಳಿತಾಗ ಒಂದು ಹೆಸರಿನ ಬಳಿ ಲೇಖನಿಯು ನಿಲ್ಲುವುದುಂಟು. ಹುಡುಗನ ಕೈಚಳಕಕ್ಕೆ ಸುತ್ತಮುತ್ತಲಲ್ಲಿ ಸಾಟಿಯಿಲ್ಲ. ಆದರೆ ಅವನಿಗೆ ಮೂಗಿನ ತುದಿಯಲ್ಲಿ ಕೋಪ. ತೀರ್ಪುಗಾರನು ಸೀಟಿ ಊದಿದರೆ ಚೆಂಡನ್ನು ನೆಲಕ್ಕೆ ಅಪ್ಪಳಿಸುವನು. ಈ ಹುಡುಗನನ್ನು ಸೇರಿಸಿದರೆ ತಂಡ ಕೆಡುವುದೋ, ಬಿಟ್ಟರೆ ಕೆಡುವುದೋ?

ಈ ಸಂದಿಗ್ಧವು ಎಲ್ಲ ಆಟಗಳಲ್ಲಿಯೂ ಇರುವುದಾದರೂ ಬ್ಯಾಸ್ಕೆಟ್‌ಬಾಲಿನಲ್ಲಿ ಅದರ ಬಿಸಿ ಹೆಚ್ಚು. ಕ್ರಿಕೆಟ್ಟಿನ ಹನ್ನೊಂದು ಮಂದಿಯಲ್ಲಿ ಒಬ್ಬನ ಸಿಡುಕು ಬೌಂಡರಿಯ ಗೆರೆಯ ಬಳಿ ಹೇಗೋ ಕರಗಿಹೋದೀತು. ಇಲ್ಲಿ ಅಂಗಳದಲ್ಲಿರುವವರು ಐವರೇ. ಮೇಲಾಗಿ ಈ ಆಟದಲ್ಲಿ ಕೋಪಕ್ಕೆ ಅಂಕಗಳ ಲೆಕ್ಕವುಂಟು: ತೀರ್ಪುಗಾರನೊಡನೆ ಒರಟಾಗಿ ನಡೆದುಕೊಂಡರೆ ಎದುರಾಳಿಗೆ ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ ದೊರೆಯುತ್ತದೆ, ಅಂತರರಾಷ್ಟ್ರೀಯ ನಿಯಮದಂತೆ ಐದು ತಪ್ಪುಗಳಾದರೆ ಆಟಗಾರನು ಹೊರಕ್ಕೆ. ಆಟವು ಹುಟ್ಟಿದುದೇ ಇಂತಹ ಹುಡುಗರ ನಿಮಿತ್ತವಾಗಿ ಎಂಬುದು ಸ್ವಾರಸ್ಯ. 1891ರ ಡಿಸೆಂಬರಿನಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ, ಚಳಿಗಾಲದ ಕಸರತ್ತಿನಿಂದ ಬೇಸತ್ತು ಗಲಭೆ ಮಾಡುತ್ತಿದ್ದ ಒಂದು ತರಗತಿಯನ್ನು ಹಿಡಿತಕ್ಕೆ ತರುವುದಕ್ಕಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಎರಡು ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದರು. ತಳ್ಳುವವನು, ಕಾಲು ಕೊಡುವವನು ಎರಡನೆಯ ಸಲ ತಪ್ಪಿದರೆ ಮುಂದಿನ ಬುಟ್ಟಿ ಬೀಳುವವರೆಗೆ ಹೊರಗಿರತಕ್ಕದ್ದೆಂದು ಅವರು ವಿಧಿಸಿದರು. ಹೊರಹಾಕುವ ನಿಯಮದಲ್ಲಿಯೇ ಮರಳಿ ಕರೆದುಕೊಳ್ಳುವ ಅವಧಿಯನ್ನೂ ಗೊತ್ತುಮಾಡಿದ ಆ ಮೇಷ್ಟರ ವಿವೇಕವನ್ನು ನಾವು ಮೆಚ್ಚಬೇಕಾಗಿದೆ.

ಮುಂಗೋಪಿಯಾದ ಒಬ್ಬನು ತಂಡವನ್ನು ಏನು ಮಾಡಬಲ್ಲನೆಂಬುದಕ್ಕೆ ಡೆನ್ನಿಸ್ ರಾಡ್ಮನ್ನನ ವೃತ್ತಾಂತಕ್ಕಿಂತ ಮಿಗಿಲಾದ ಸಾಕ್ಷ್ಯವಿಲ್ಲ. ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡನ್ನು ಕಸಿದುಕೊಳ್ಳುವುದರಲ್ಲಿ ಆತನು ಅಮೆರಿಕೆಯ ವೃತ್ತಿಪರ ಲೀಗಿನಲ್ಲಿ 1992ರಿಂದ 1998ರವರೆಗೆ ಎಡೆಬಿಡದೆ ಏಳು ವರ್ಷ ಮೊದಲಿಗನಾಗಿದ್ದನು. 1994–95ರಲ್ಲಿ ಆತನು ಸ್ಯಾನ್ ಆಂಟೋನಿಯೋ ನಗರದ ಸ್ಪರ್ಸ್ ತಂಡದಲ್ಲಿದ್ದನು. ಆ ತಂಡವು ಆ ವರ್ಷ ಲೀಗಿನಲ್ಲೆಲ್ಲ ಅತ್ಯಧಿಕವಾಗಿ 62 ಪಂದ್ಯಗಳನ್ನು ಗೆದ್ದಿತ್ತು. ಲೀಗಿನ ಅತ್ಯುತ್ತಮ ಆಟಗಾರನೆಂಬ ಗೌರವವು ಅದರ ಡೇವಿಡ್ ರಾಬಿನ್‌ಸನ್ನನಿಗೆ ಸಂದಿತ್ತು. ಇಷ್ಟಿದ್ದೂ ಅಂತಿಮ ಸುತ್ತುಗಳ ಒಂದು ಪಂದ್ಯದ ನಡುವೆ ರಾಡ್ಮನ್ನನು ತನ್ನನ್ನು ಕೂರಿಸಿದರೆಂದು ಮುನಿದು, ಬೂಟುಗಳನ್ನು ಕಳಚಿ ಅಂಗಳದ ಅಂಚಿನಲ್ಲಿ ಮಲಗಿಬಿಟ್ಟನು. ಮುಂದಿನ ಪಂದ್ಯಕ್ಕೆ ತಂಡದವರು ಆತನನ್ನು ಹೊರಗಿಟ್ಟರು. ಕೊನೆಗೆ ಹ್ಯೂಸ್ಟನ್ ತಂಡದ ಕೈಯಲ್ಲಿ ಅವರಿಗೆ ಸೋಲಾಯಿತು.

ಸ್ಪರ್ಸಿನವರು 1995ರ ಅಕ್ಟೋಬರಿನಲ್ಲಿ ಆತನನ್ನು, ಬದಲಿಯಾಗಿ ಒಬ್ಬ ಸಾಧಾರಣ ಆಟಗಾರನನ್ನು ಪಡೆದು, ಷಿಕಾಗೋ ಬುಲ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಪೀಡೆ ತೊಲಗಿತೆಂದೇ ಅವರು ಭಾವಿಸಿರಬೇಕು. ಆದರೆ ಅದೇ ಮನುಷ್ಯನನ್ನು ಕೂಡಿಕೊಂಡ ಷಿಕಾಗೋ ತಂಡವು ಆ ಸಾಲಿನಲ್ಲಿ 82 ಪಂದ್ಯಗಳ ಪೈಕಿ 72ನ್ನು ಗೆದ್ದಿತು. ಅದಕ್ಕೆ ಮುಂಚೆ ಯಾವ ತಂಡವೂ ಅಷ್ಟು ಗೆದ್ದಿರಲಿಲ್ಲ. ಮುಂದೆ 1996, 1997, 1998 ಮೂರು ವರ್ಷವೂ ಪದವಿ ಷಿಕಾಗೋವಿನದೇ ಆಯಿತು.

ರಾಡ್ಮನ್ನನು ಬದಲಾದನೆ? ಇಲ್ಲವೆಂದೇ ಹೇಳಬೇಕು. 1996ರ ಮಾರ್ಚಿನಲ್ಲಿ ತೀರ್ಪುಗಾರನಿಗೆ ತಲೆಯಿಂದ ಗುದ್ದಿ ಆರು ಪಂದ್ಯಗಳ ಬಹಿಷ್ಕಾರವನ್ನು ಅನುಭವಿಸಿದನು. 1997ರ ಜನವರಿಯಲ್ಲಿ ಛಾಯಾಗ್ರಾಹಕನೊಬ್ಬನನ್ನು ಒದ್ದು ಹನ್ನೊಂದು ಪಂದ್ಯಗಳನ್ನು ಕಳೆದುಕೊಂಡನು. ಬದಲಾದುದು ಆತನ ಸುತ್ತಲಿದ್ದ ತಂಡ. ಹಿಂದಿನ ವರ್ಷ ಹೊರೇಸ್ ಗ್ರ್ಯಾಂಟ್ ಎಂಬ ಆಟಗಾರನು ಷಿಕಾಗೋವನ್ನು ಬಿಟ್ಟುಹೋದಂದಿನಿಂದ ಪುಟಿದ ಚೆಂಡನ್ನು ಹಿಡಿಯುವವರಿಲ್ಲದೆ ಅಲ್ಲಿ ಒಂದು ಸ್ಥಾನವು ಬರಿದಾಗಿತ್ತು. ರಾಡ್ಮನ್ನನಿಗೆ ಆ ಒಂದೇ ಕೆಲಸವನ್ನು ಕೊಟ್ಟರು. ಆತನು ಪಂದ್ಯವೊಂದಕ್ಕೆ ಸರಾಸರಿ ಐದೂವರೆ ಅಂಕಗಳನ್ನು ಮಾತ್ರ ಗಳಿಸಿ, ಹದಿನೈದರಷ್ಟು ಚೆಂಡುಗಳನ್ನು ಕಸಿದುಕೊಟ್ಟನು. ಅಂಕಗಳ ಕೀರ್ತಿಯು ಮೈಕೇಲ್ ಜೋರ್ಡಾನನಿಗೆ ಸೇರಿದುದೆಂಬ ವಿಷಯದಲ್ಲಿ ಆತನಿಗೆ ತಕರಾರೇ ಇರಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ರಾಡ್ಮನ್ನನು ಡೆಟ್ರಾಯ್ಟ್ ತಂಡದಲ್ಲಿದ್ದಾಗ, 1991ರಲ್ಲಿ, ಷಿಕಾಗೋವಿನ ಸ್ಕಾಟಿ ಪಿಪ್ಪೆನ್ನನನ್ನು ಅಂಗಳದಾಚೆಗೆ ನೂಕಿ ಗದ್ದಕ್ಕೆ ಗಾಯ ಮಾಡಿದ್ದನು. ಆದುದರಿಂದ ತಂಡದ ಅಧಿಕಾರಿಗಳೂ ಶಿಕ್ಷಕ ಫಿಲ್ ಜಾಕ್ಸನ್ನರೂ ಆತನನ್ನು ತರುವ ಮುನ್ನ ಜೋರ್ಡಾನ್ ಮತ್ತು ಪಿಪ್ಪೆನ್ ಇಬ್ಬರನ್ನೂ ಕೇಳಿ, ಅವರ ಒಪ್ಪಿಗೆಯನ್ನು ಪಡೆದರು. ಗಾಯಪಟ್ಟವನೇ ಒಪ್ಪಿದ ಮೇಲೆ ತಂಡದಲ್ಲಿ ಗೊಣಗುವವರು ಯಾರು?

ಈ ವಾದಕ್ಕೆ ಮತ್ತೂ ಒಂದು ಪುರಾವೆಯುಂಟು. 1998ರ ತರುವಾಯ ಷಿಕಾಗೋ ತಂಡವು ಚದುರಿಹೋಯಿತು. ರಾಡ್ಮನ್ನನು 1999ರಲ್ಲಿ ಲಾಸ್ ಏಂಜಲೀಸಿಗೆ ಹೋಗಿ 23 ಪಂದ್ಯಗಳನ್ನಾಡಿದನು, ಮರುವರ್ಷ ಡಲ್ಲಾಸಿಗೆ ಹೋಗಿ 12 ಆಡಿದನು. ಎರಡು ಕಡೆಯವರೂ ಬೇಗನೆ ಕೈಬಿಟ್ಟರು.

ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕೆ ಹತ್ತಿರದ ಉದಾಹರಣೆಯೊಂದನ್ನು ಕಂಡಿದ್ದೇವೆ. 2008ರಲ್ಲಿ ಹತ್ತೊಂಬತ್ತರ ಒಳಗಿನವರ ವಿಶ್ವಕಪ್ಪನ್ನು ಗೆದ್ದು ಬಂದ ವಿರಾಟ್ ಕೊಹ್ಲಿಯು, ದ್ರಾವಿಡರ ನಾಯಕತ್ವದಲ್ಲಿದ್ದ ರಾಯಲ್ ಚಾಲೆಂಜರ್ಸ್ ತಂಡವನ್ನು ಸೇರಿದಾಗ, ಆ ದೆಹಲಿಯ ಹುಡುಗನ ಹುಬ್ಬುಗಂಟು ಎಲ್ಲರಿಗೂ ಕಾಣುತ್ತಿತ್ತು. ಮೊದಲ ವರ್ಷ 165 ಓಟಗಳು. ತಂಡಕ್ಕೆ ಎಂಟರಲ್ಲಿ ಏಳನೆಯ ಸ್ಥಾನ. 2012ರಲ್ಲಿ ಸಿಡ್ನಿಯ ಪ್ರೇಕ್ಷಕರ ಕಡೆ ಅಸಭ್ಯ ಸಂಜ್ಞೆ ಮಾಡಿ ಆತನು ದಂಡ ತೆತ್ತುದೂ ಉಂಟು. ಆದರೂ ಬೆಂಗಳೂರು ಆತನನ್ನು ಬಿಡಲಿಲ್ಲ. 2016ರಲ್ಲಿ ನಾಯಕನಾಗಿ ಒಂದೇ ಸಾಲಿನಲ್ಲಿ 973 ಓಟಗಳನ್ನು ಪೇರಿಸಿದರೂ ಪದವಿ ಕೈಗೆ ಸಿಕ್ಕಲಿಲ್ಲ. ಅದು ಸಿಕ್ಕಿದುದು 2025ರ ಜೂನ್ 3ರಂದು, ರಜತ್ ಪಾಟೀದಾರನ ನಾಯಕತ್ವದಲ್ಲಿ, ಕೊಹ್ಲಿಯು ಬರಿಯ ಆಟಗಾರನಾಗಿದ್ದಾಗ.

ಹದಿನೆಂಟು ಸಾಲುಗಳ ತಾಳ್ಮೆಯು ಕೋಟಿಗಟ್ಟಲೆ ಹಣವುಳ್ಳ ತಂಡಕ್ಕೆ ಸಾಧ್ಯ. ರಾಡ್ಮನ್ನನಿಗೂ ಒಂದು ಬಾಗಿಲು ಮುಚ್ಚಿದರೆ ಮತ್ತೊಂದು ತೆರೆಯುತ್ತಿತ್ತು. ಹೋಬಳಿಯ ಹುಡುಗನಿಗೆ ಅದಿಲ್ಲ. ಒಂಬತ್ತನೆಯ ತರಗತಿಯಲ್ಲಿ ಪಟ್ಟಿಯಿಂದ ಬಿಟ್ಟುಹೋದವನು ತಾಲ್ಲೂಕಿನ ಪಂದ್ಯವನ್ನು ಕಾಣನು, ಕ್ರೀಡಾ ವಸತಿನಿಲಯದವರ ಕಣ್ಣಿಗೂ ಬೀಳನು. ಇಂತಹವನನ್ನು ‘ಅಶಿಸ್ತಿನವನು’ ಎಂದು ಒಂದೇ ಮಾತಿನಲ್ಲಿ ಹೊಡೆದುಹಾಕುವುದು ಸುಲಭ. ಕಪ್ಪಿನ ಆಸೆಯಿಂದ ಅವನ ಎಲ್ಲ ಅತಿರೇಕಗಳನ್ನೂ ಸಹಿಸಿ, ದಿನವೂ ಅಭ್ಯಾಸಕ್ಕೆ ಬರುವ ಸಾಧುಗಳನ್ನು ಬೆಂಚಿನ ಮೇಲೆ ಕೂರಿಸುವುದೂ ಅಷ್ಟೇ ಸುಲಭ. ಎರಡನೆಯದು ಹೆಚ್ಚು ಹಾನಿಕರವೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಅದರಿಂದ ಐವರೂ ಕೆಡುವರು.

ಆದುದರಿಂದ ಮೇಷ್ಟ್ರು ಹುಡುಗನ ಗುಣದೋಷಗಳನ್ನು ತೂಗುವ ಮುನ್ನ ತಮ್ಮ ತಂಡವನ್ನೇ ನೋಡಬೇಕು. ಅಲ್ಲಿ ಬರಿದಾಗಿರುವ ಕೆಲಸ ಯಾವುದು? ಅದೊಂದನ್ನು ಮಾತ್ರ ಅವನಿಗೆ ವಹಿಸಲಾದೀತೆ? ಅವನು ಯಾರ ಮಾತಿಗೆ ತಲೆಬಾಗುವನು? ಆ ಒಬ್ಬ ಗೆಳೆಯನು ತಂಡದಲ್ಲಿ ಇರುವನೆ? ಮಿಕ್ಕ ನಾಲ್ವರಲ್ಲಿ ಅವನಿಂದ ಏಟು ತಿಂದವನು ಯಾರಾದರೂ ಇದ್ದರೆ, ಪಟ್ಟಿಯು ತಾಲ್ಲೂಕಿಗೆ ಹೋಗುವ ಮುಂಚೆ ಮೊದಲು ಅವನನ್ನೇ ಕರೆದು ಕೇಳುವುದಕ್ಕೆ ಒಂದು ಸಂಜೆ ಸಾಕು.