ಮನಶ್ಶಾಸ್ತ್ರದಲ್ಲಿ ಉಪಾಧಿವಿಚಾರ

ಸಾಹಿತ್ಯದ ಅಧ್ಯಾಪಕರಿಗೆ ‘ವಿಮರ್ಶೆ’ ಎಂಬ ಶಬ್ದವು ಚಿರಪರಿಚಿತವಾದುದು. ಕಾವ್ಯದ ಗುಣದೋಷಗಳನ್ನು ಅಳೆಯುವುದರ ಜೊತೆಗೆ, ಅಳೆಯುವ ಕೋಲನ್ನೂ ಪರೀಕ್ಷಿಸುವುದು ವಿಮರ್ಶಕನ ಕರ್ತವ್ಯವೆಂದು ನಾವು ಬಲ್ಲೆವು. ಮನಶ್ಶಾಸ್ತ್ರದಲ್ಲಿಯೂ ಇಂತಹ ಪಂಥವೊಂದು ಹುಟ್ಟಿ ಅರ್ಧ ಶತಮಾನ ಕಳೆದಿದೆ. ಅದಕ್ಕೆ ವಿಮರ್ಶಾತ್ಮಕ ಮನಶ್ಶಾಸ್ತ್ರವೆಂದು ಹೆಸರು. ಪ್ರಚಲಿತ ಮನಶ್ಶಾಸ್ತ್ರಕ್ಕೂ ಇದಕ್ಕೂ ಇರುವ ಭೇದವನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯ ಒಂದು ದುಃಖಕರ ನಿದರ್ಶನದಿಂದ ಇಲ್ಲಿ ವಿವರಿಸಲು ಯತ್ನಿಸುವೆನು.

ಪ್ರಚಲಿತ ಮನಶ್ಶಾಸ್ತ್ರದ ಆರಂಭವನ್ನು 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟನು ಸ್ಥಾಪಿಸಿದ ಪ್ರಯೋಗಶಾಲೆಯಿಂದ ಗಣಿಸುವುದು ವಾಡಿಕೆ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯವು 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ತೆರೆಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರಲ್ಲಿ ವ್ಯಾಸಂಗಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಬೆಳೆಯಿಸಿದರು. ಈ ಶಾಸ್ತ್ರವು ವ್ಯಕ್ತಿಯನ್ನು ಘಟಕವಾಗಿ ಇಟ್ಟುಕೊಂಡು ಅವನ ಬುದ್ಧಿ, ಸ್ಮೃತಿ, ಭಯ, ಖಿನ್ನತೆ ಮೊದಲಾದವನ್ನು ಪ್ರಯೋಗದಿಂದಲೂ ಗಣನೆಯಿಂದಲೂ ಅಳೆಯುವುದು. ಅಳೆಯುವವನು ತಟಸ್ಥನೆಂದೂ, ಕಂಡುಕೊಂಡ ನಿಯಮವು ದೇಶಕಾಲಗಳನ್ನು ಮೀರಿ ಅನ್ವಯಿಸುವುದೆಂದೂ ಅದರ ಅಭಿಮತ. ಇದರಿಂದ ಆದ ಉಪಕಾರವು ಅಲ್ಪವಾದುದಲ್ಲ. ಮನೋರೋಗವನ್ನು ಶಾಪವೆಂದು ತಿಳಿಯುತ್ತಿದ್ದ ಕುಟುಂಬಗಳಿಗೆ ಅದು ಚಿಕಿತ್ಸೆಯ ದಾರಿಯನ್ನು ತೋರಿಸಿತು.

ವಿಮರ್ಶಾತ್ಮಕ ಪಂಥದವರು ಈ ಮೂರು ಅಂಶಗಳನ್ನೂ ಪ್ರಶ್ನಿಸುವರು. ಬರ್ಲಿನ್ನಿನ ಕ್ಲೌಸ್ ಹೋಲ್ಟ್‌ಸ್‌ಕಾಂಪನು 1983ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ, ಮನುಷ್ಯನನ್ನು ಅವನು ಬದುಕುವ ಸಾಮಾಜಿಕ ಸನ್ನಿವೇಶದಿಂದ ಬೇರ್ಪಡಿಸಿದರೆ ಅವನ ಮನಸ್ಸು ಅರ್ಥವಾಗದೆಂದು ಪ್ರತಿಪಾದಿಸಿದನು. ಎಲ್ ಸಾಲ್ವಡಾರ್ ದೇಶದಲ್ಲಿ ಬಡಜನರ ನಡುವೆ ಕೆಲಸಮಾಡಿ, 1989ರಲ್ಲಿ ಸೈನಿಕರಿಂದ ಹತನಾದ ಇಗ್ನಾಸಿಯೊ ಮಾರ್ಟಿನ್-ಬಾರೊ ಎಂಬ ಪಾದ್ರಿಯು, ದಾರಿದ್ರ್ಯಯುದ್ಧಗಳ ನಡುವೆ ಮನಶ್ಶಾಸ್ತ್ರಜ್ಞನು ತಟಸ್ಥನಾಗಿರಲಾರನೆಂದು ವಾದಿಸಿದನು.

ಈ ಭೇದವು ನಮ್ಮ ತರ್ಕಶಾಸ್ತ್ರದ ಒಂದು ಪ್ರಸಿದ್ಧ ವಿಚಾರದಿಂದ ಸುಲಭವಾಗಿ ತಿಳಿಯುವುದು. ಧೂಮದಿಂದ ಅಗ್ನಿಯನ್ನು ಊಹಿಸುವುದು ಸರಿ. ಆದರೆ ಅಗ್ನಿಯಿಂದ ಧೂಮವನ್ನು ಊಹಿಸುವುದು ಸರಿಯಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯುಂಟು, ಧೂಮವಿಲ್ಲ. ಧೂಮ ಏಳಬೇಕಾದರೆ ಹಸಿಸೌದೆಯ ಸಂಬಂಧ ಬೇಕು. ಹೇತುವಿನಲ್ಲಿ ಅಡಗಿದ್ದು, ಫಲವನ್ನು ನಿಜವಾಗಿ ನಿಯಮಿಸುವ ಈ ಹಸಿಸೌದೆಯನ್ನು ನೈಯಾಯಿಕರು ಉಪಾಧಿಯೆನ್ನುವರು. ಪ್ರಚಲಿತ ಮನಶ್ಶಾಸ್ತ್ರವು ವ್ಯಕ್ತಿಯೊಳಗಿನ ಅಗ್ನಿಯನ್ನು ಅಳೆಯುತ್ತದೆ. ವಿಮರ್ಶಾತ್ಮಕ ಮನಶ್ಶಾಸ್ತ್ರವು ಹಸಿಸೌದೆ ಎಲ್ಲಿಂದ ಬಂದಿತೆಂದು ಕೇಳುತ್ತದೆ.

ಇನ್ನು ನಿದರ್ಶನಕ್ಕೆ ಬರೋಣ. ಕನ್ನಂಬಾಡಿ ಅಣೆಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಈ ಸೀಮೆಯ ರಾಗಿಯ ಹೊಲಗಳು ಬಹುಮಟ್ಟಿಗೆ ಕಬ್ಬು, ಬತ್ತಗಳ ಗದ್ದೆಗಳಾದುವು. ಮಂಡ್ಯದ ಸಕ್ಕರೆ ಕಂಪನಿಯು 1933ರಲ್ಲಿ ಸ್ಥಾಪಿತವಾಯಿತು. ರಾಗಿಯನ್ನು ಬೆಳೆದವನು ಅದನ್ನು ಮನೆಯಲ್ಲಿಯೇ ಇಟ್ಟು ಉಣ್ಣಬಹುದು. ಕಬ್ಬಾದರೋ ಹನ್ನೆರಡು ತಿಂಗಳ ಕಾಲ ಸಾಲದ ಹಣದಲ್ಲಿ ಬೆಳೆದು, ಕಟಾವಾದೊಡನೆ ಕಾರ್ಖಾನೆಗೋ ಆಲೆಮನೆಗೋ ಹೋಗಲೇಬೇಕು. ತಡವಾದರೆ ತೂಕವೂ ರಸವೂ ಕುಗ್ಗುವುದು. ಬೆಲೆಯು ರೈತನ ಕೈಯಲ್ಲಿಲ್ಲ. 2015ರಲ್ಲಿ ಸಕ್ಕರೆಯ ಬೆಲೆ ಕುಸಿದು, ಕಾರ್ಖಾನೆಗಳಿಂದ ಬರಬೇಕಾದ ಹಣ ಬಾಕಿ ನಿಂತು, ಮಳೆಯೂ ಕೈಕೊಟ್ಟಿತು. ಆ ವರ್ಷ ಕರ್ನಾಟಕದಲ್ಲಿ ರೈತರೂ ಕೃಷಿಕೂಲಿಗಾರರೂ ಸೇರಿ 1,569 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿತು. ಮಂಡ್ಯದ ಕಬ್ಬುಬೆಳೆಗಾರರೂ ಅವರಲ್ಲಿದ್ದರು.

ಕಾರಣವೇನೆಂಬ ಚರ್ಚೆ ಇದಕ್ಕಿಂತ ಹಳೆಯದು. ಸರ್ಕಾರವು ನೇಮಿಸಿದ ಜಿ. ಕೆ. ವೀರೇಶ್ ಸಮಿತಿಯು 2002ರ ವರದಿಯಲ್ಲಿ ಸಾಲವೊಂದನ್ನೇ ಕಾರಣವೆನ್ನಲಾಗದೆಂದು ಹೇಳಿ, ಮದ್ಯಪಾನ, ಕೌಟುಂಬಿಕ ಕಲಹ ಮೊದಲಾದುವುಗಳಿಗೆ ಹೆಚ್ಚಿನ ಸ್ಥಾನವಿತ್ತಿತು. ಸಮಾಜಶಾಸ್ತ್ರಜ್ಞೆ ಎ. ಆರ್. ವಸವಿಯವರು 2012ರ ತಮ್ಮ ಗ್ರಂಥದಲ್ಲಿ ಬೇರೆ ದಿಕ್ಕಿನಿಂದ ನೋಡಿದರು: ಕೃಷಿಯ ನಷ್ಟಭಾರವೆಲ್ಲ ಒಂಟಿ ರೈತನ ತಲೆಯ ಮೇಲೆ ಬಿದ್ದುದನ್ನೂ, ಊರಿನ ಆಸರೆ ಸಡಿಲವಾದುದನ್ನೂ ಎತ್ತಿ ತೋರಿಸಿದರು. ಕುಡಿತವೂ ಕಲಹವೂ ಎಲ್ಲ ವರ್ಷಗಳಲ್ಲಿಯೂ, ಎಲ್ಲ ವೃತ್ತಿಗಳಲ್ಲಿಯೂ ಉಂಟಲ್ಲವೆ? ಹಾಗಿದ್ದರೆ ಸಾವುಗಳು ಒಂದು ವರ್ಷದಲ್ಲಿ, ಒಂದು ಬೆಳೆಯ ಸೀಮೆಯಲ್ಲಿ ಸಾಲುಗಟ್ಟಿದುದೇಕೆ? ಉಪಾಧಿಯನ್ನು ಹುಡುಕದೆ ಇದಕ್ಕೆ ಉತ್ತರವಿಲ್ಲ.

ಇದು ಪಂಡಿತರ ವಾಗ್ವಾದವಾಗಿ ಮಾತ್ರ ಉಳಿಯುವುದಿಲ್ಲ. ಮೃತನ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸರ್ಕಾರವು 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಸಾವು ಕೃಷಿಸಾಲದಿಂದ ಆದುದೆಂದು ಅಧಿಕಾರಿಗಳ ಸಮಿತಿಗೆ ಮನವರಿಕೆಯಾಗಬೇಕು. ವರದಿಯಲ್ಲಿ ‘ಕೌಟುಂಬಿಕ ಕಲಹ’ ಎಂಬ ಎರಡು ಪದಗಳು ಬಿದ್ದರೆ ವಿಧವೆಯು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಪಹಣಿ ಇನ್ನೂ ಮಾವನ ಹೆಸರಿನಲ್ಲಿದ್ದು, ಸಾಲವು ಕಾಗದವಿಲ್ಲದ ಕೈಸಾಲವಾಗಿದ್ದರೆ ಅವಳ ಪಾಡು ಇನ್ನೂ ಕಷ್ಟ.

ಇಲ್ಲಿ ಒಂದು ಆಕ್ಷೇಪ ಬರುವುದು: ಅದೇ ಸಾಲ, ಅದೇ ಬರಗಾಲದಲ್ಲಿ ಬಹುಮಂದಿ ರೈತರು ಬದುಕಿಯೇ ಇರುವರಲ್ಲ, ಆದುದರಿಂದ ವ್ಯಕ್ತಿಯೇ ಕಾರಣವಲ್ಲವೆ? ಸಮಾಧಾನವಿದು. ಹಸಿಸೌದೆಯೊಂದೇ ಹೊಗೆಯನ್ನು ಕೊಡದು, ಅಗ್ನಿಯೂ ಬೇಕು. ವಿಮರ್ಶಾತ್ಮಕ ಪಂಥವು ವ್ಯಕ್ತಿಯ ವೇದನೆಯನ್ನು ಅಲ್ಲಗಳೆದರೆ ತಾನೂ ಏಕಪಕ್ಷವಾಗುವುದು. ಎದೆಗುಂದಿದವನಿಗೆ ಈ ಹೊತ್ತೇ ಕಿವಿಗೊಡುವವರು ಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯಂತಹವು (ಸಂಖ್ಯೆ 14416) ಆ ಕಾರಣದಿಂದ ಅವಶ್ಯಕ. ಆದರೆ ಸಮಾಧಾನದ ಮಾತು ಕಬ್ಬಿನ ಬಾಕಿಯನ್ನು ತೀರಿಸಲಾರದು. ಚಿಕಿತ್ಸೆಯು ಒಬ್ಬನಿಗೆ, ಉಪಾಧಿಯ ನಿವಾರಣೆಯು ಊರಿಗೆ. ಆದಕಾರಣ ಮುಂದೆ ಇಂತಹ ಸಾವಿನ ವಿಚಾರಣೆ ಮಾಡುವವರು ಮೃತನ ನಡತೆಯನ್ನು ಕೇಳುವಷ್ಟೇ ಶ್ರದ್ಧೆಯಿಂದ ಅವನಿಗೆ ಬರಬೇಕಾಗಿದ್ದ ಹಣವೆಷ್ಟು, ಅದು ಎಷ್ಟು ತಿಂಗಳು ತಡೆಯಿತು, ನಾಲೆಯಲ್ಲಿ ನೀರು ಎಂದು ನಿಂತಿತು ಎಂಬುದನ್ನೂ ಬರೆದುಕೊಳ್ಳತಕ್ಕದ್ದು.