ಹಲಗಲಿಯ ಲಾವಣಿ, ಲೋಕಾಪುರದ ಪಾರಿಜಾತ, ಹೈಸ್ಕೂಲಿನ ನಾಟಕ

ಹತ್ತನೇ ತರಗತಿಯ ಪ್ರಥಮ ಭಾಷೆ ಕನ್ನಡದಲ್ಲಿ ಮುಧೋಳ ನೆಲದ ಎರಡು ಪದ್ಯಗಳಿವೆ. ಒಂದು ‘ಹಲಗಲಿ ಬೇಡರು’ ಲಾವಣಿ. ಇನ್ನೊಂದು ರನ್ನನ ‘ಗದಾಯುದ್ಧ’ದಿಂದ ಆಯ್ದ ‘ಛಲಮನೆ ಮೆರೆವೆಂ’. ಬೇರೆ ಕಡೆಯ ಮಕ್ಕಳಿಗೆ ಇವು ಸಾರಾಂಶ ಬರೆದು ಅಂಕ ಗಿಟ್ಟಿಸುವ ಪದ್ಯಗಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಹೈಸ್ಕೂಲುಗಳಿಗೆ ಮಾತ್ರ ಇವು ಪಕ್ಕದೂರಿನ ಕಥೆ. ನಾಟಕ ಕಲಿಸಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ.

ಹತ್ತನೇ ತರಗತಿಯವರೆಗೂ ರಂಗಕಲೆ ಪಾಠದ ಭಾಗವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ನಡೆಯುವುದು ಬೇರೆ. ನಾಟಕ ಶಿಕ್ಷಕರಿರುವ ಸರ್ಕಾರಿ ಶಾಲೆಗಳು ತೀರಾ ವಿರಳ. ಹಾಗಾಗಿ ಈ ಭಾಗದಲ್ಲಿ ನಾಟಕವೆಂದರೆ ಶಾಲೆಯ ವಾರ್ಷಿಕ ಗ್ಯಾದರಿಂಗು, ಇಲ್ಲವೇ ಪ್ರತಿಭಾ ಕಾರಂಜಿ ಸ್ಪರ್ಧೆ. ನಾಲ್ಕು ಚುರುಕು ಹುಡುಗರು ಮಾತು ಬಾಯಿಪಾಠ ಮಾಡುತ್ತಾರೆ, ಉಳಿದವರು ಚಪ್ಪಾಳೆ ಹೊಡೆಯುತ್ತಾರೆ.

ಲಾವಣಿ ಈ ಲೆಕ್ಕವನ್ನೇ ತಿರುವುಹಾಕಬಲ್ಲದು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಆಜ್ಞೆಯನ್ನು ಹಲಗಲಿಯ ಬೇಡರು ಧಿಕ್ಕರಿಸಿದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಆ ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಈ ಕಥೆ ಹೇಳುವ ಲಾವಣಿಯಲ್ಲಿ ನಾಟಕ ಅರ್ಧ ಆಗಲೇ ತಯಾರಾಗಿದೆ. ಹಾಡುವವನೊಬ್ಬ, ದನಿಗೂಡಿಸುವ ಹಿಮ್ಮೇಳ, ನಡುನಡುವೆ ಮಾತುಕತೆ. ಅರ್ಧ ಕ್ಲಾಸು ಹಿಮ್ಮೇಳವಾಗಲಿ, ಉಳಿದರ್ಧ ಊರ ಜನ ಮತ್ತು ದಂಡು. ದಪ್ಪು ಸಿಗದಿದ್ದರೆ ಬೆಂಚು ಬಡಿದರಾಯಿತು. ಅರ್ಧದಲ್ಲಿ ಹಾಡು ನಿಲ್ಲಿಸಿ ಶಿಕ್ಷಕರು ಕೇಳಬೇಕು: ಬಂದೂಕು ಕೊಡೋದೋ, ಬ್ಯಾಡೋ? ಮಗನನ್ನು ಉಳಿಸಿಕೊಳ್ಳಬೇಕೆನ್ನುವ ತಾಯಿ, ಮೀಸೆ ಚಿಗುರಿದ ಹುಡುಗ, ಕಂಪನಿಯ ಸಂಬಳ ತಿನ್ನುವ ದೇಶಿ ಸಿಪಾಯಿ, ಮೂವರೂ ತಮ್ಮ ಮನೆಮಾತಿನಲ್ಲೇ ಉತ್ತರ ಕೊಡಲಿ. ಬಾಯಿಪಾಠಕ್ಕೆ ಅಲ್ಲಿ ಅವಕಾಶವೇ ಇಲ್ಲ.

ರನ್ನನದು ಇನ್ನೊಂದು ಬಗೆ. ತಾನು ಹುಟ್ಟಿದ್ದು ಜಂಬುಖಂಡಿ ಎಪ್ಪತ್ತರ ಮುದುವೊಳಲಿನಲ್ಲಿ ಎಂದು ಅವನು ಹೇಳಿಕೊಂಡಿದ್ದಾನೆ. ಅಂದರೆ ಜಮಖಂಡಿಯೂ ಮುಧೋಳವೂ ಅವನ ವಿಳಾಸದಲ್ಲಿವೆ. ವಿದೂಷಕನನ್ನೂ ಒಳಗೆ ತಂದ ಅವನ ಕಾವ್ಯದ ನಾಟಕೀಯತೆಯನ್ನು ಕಂಡ ಬಿ.ಎಂ.ಶ್ರೀಯವರು 1926ರಲ್ಲಿ ಅದನ್ನು ‘ಗದಾಯುದ್ಧ ನಾಟಕಂ’ ಆಗಿಸಿದರು. ಹಳಗನ್ನಡಕ್ಕೆ ಹೆದರುವ ಮಕ್ಕಳಿಗೆ ಒಂದು ಸುಲಭದ ಆಟವಿದೆ: ದುರ್ಯೋಧನನಾದವನನ್ನು ಕುರ್ಚಿಯಲ್ಲಿ ಕೂರಿಸಿ ಉಳಿದವರೆಲ್ಲ ಪ್ರಶ್ನೆ ಹಾಕುವುದು. ಭೀಷ್ಮರು ಹೇಳಿದರೂ ಸಂಧಿಗೆ ಯಾಕೆ ಒಪ್ಪಲಿಲ್ಲ? ಉತ್ತರ ಹುಡುಕಲು ಅವನು ಪದ್ಯಕ್ಕೇ ಮರಳಬೇಕಾಗುತ್ತದೆ.

ಮುಧೋಳ ತಾಲ್ಲೂಕಿನ ಲೋಕಾಪುರ ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಊರು. ಅಪರಾಳ ತಮ್ಮಣ್ಣ ಬರೆದ, ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ ಈ ಸಣ್ಣಾಟದ ಕಥೆ ಒಂದು ಹೂವಿನದು. ನಾರದ ತಂದ ಪಾರಿಜಾತ ರುಕ್ಮಿಣಿಯ ಪಾಲಾಗಿ ಸತ್ಯಭಾಮೆ ಮುನಿಯುತ್ತಾಳೆ, ಅಷ್ಟೇ. ಇಷ್ಟನ್ನೇ ಬೆಳತನಕ ಆಡುತ್ತಾರೆ! ಮಕ್ಕಳು ಗಮನಿಸಬೇಕಾದದ್ದು ಭಾಗವತನನ್ನು. ಅವನೇ ಕಥೆ ನಡೆಸುವವ, ಅವನೇ ಸಖಿ, ಅವನೇ ನಗಿಸುವವ. ಪರದೆ, ಲೈಟು ಯಾವುದೂ ಇಲ್ಲದೆ ಒಬ್ಬ ನಟ ಪಾತ್ರದಿಂದ ಪಾತ್ರಕ್ಕೆ ಹೇಗೆ ದಾಟುತ್ತಾನೆ ಎಂಬುದನ್ನು ಯಾವ ಕೈಪಿಡಿಯೂ ಅಷ್ಟು ಸ್ಪಷ್ಟವಾಗಿ ಹೇಳಿಕೊಡಲಾರದು.

ರಬಕವಿ–ಬನಹಟ್ಟಿಯ ನೇಕಾರರ ಮಕ್ಕಳಿಗೆ ಡೊರೊತಿ ಹೀತ್‌ಕೋಟ್ (1926–2011) ಪರಿಚಯವಾಗಬೇಕು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿ 14ನೇ ವಯಸ್ಸಿಗೇ ಉಣ್ಣೆ ಗಿರಣಿಯಲ್ಲಿ ಮಗ್ಗಕ್ಕೆ ನಿಂತ ಈಕೆ ಮುಂದೆ ನಾಟಕದ ಮೂಲಕ ಪಾಠ ಹೇಳುವ ವಿಧಾನಕ್ಕೆ ಜಗತ್ತಿನಾದ್ಯಂತ ಹೆಸರಾದರು. ಶಿಕ್ಷಕರೂ ಪಾತ್ರವಾಗಿ ಕಥೆಯೊಳಗೆ ಇಳಿಯಬೇಕು, ಮಕ್ಕಳನ್ನು ಬಲ್ಲವರೆಂದೇ ನಡೆಸಿಕೊಳ್ಳಬೇಕು ಎಂಬುದು ಅವರ ಕ್ರಮ. ಬನಹಟ್ಟಿಯಲ್ಲಿ ಇದು ಸಲೀಸು. ಕ್ಲಾಸೇ ನೇಕಾರರ ಸಹಕಾರಿ ಸಂಘ, ಮಕ್ಕಳೇ ಆಡಳಿತ ಮಂಡಳಿ, ಶಿಕ್ಷಕರು ಸಾಲ ಕೇಳಲು ಬಂದ ಸದಸ್ಯ. ನೂಲಿನ ದರ ಏರಿದೆ, ಸೀರೆ ಮಾರಾಟವಾಗಿಲ್ಲ. ಗಣಿತ, ಸಮಾಜ ವಿಜ್ಞಾನ ಎರಡೂ ಅದರಲ್ಲೇ ಬರುತ್ತವೆ.

ಬೀಳಗಿ ಅಮೀರಬಾಯಿ ಕರ್ನಾಟಕಿಯವರ ಊರು. ‘ಕಿಸ್ಮತ್’ (1943) ಸಿನಿಮಾದಲ್ಲಿ ಹಾಡಿ ಅವರು ದೇಶಕ್ಕೆಲ್ಲ ಗೊತ್ತಾದರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರೊಂದಿಗೆ ಮರಾಠಿ ರಂಗದಲ್ಲಿ ಅಭಿನಯಿಸಿದವರು. ಆದರೆ ಈ ತಾಲ್ಲೂಕಿನ ಮಕ್ಕಳಿಗೆ ಇನ್ನೂ ಹತ್ತಿರದ ವಸ್ತು ಆಲಮಟ್ಟಿ ಹಿನ್ನೀರು. ಮುಳುಗಿದ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಅಜ್ಜ–ಅಜ್ಜಿಯರು ಮನೆಯಲ್ಲೇ ಇದ್ದಾರೆ. ಅವರನ್ನು ಕೇಳಿ ಬರೆದುಕೊಂಡದ್ದೇ ದೃಶ್ಯವಾಗಬಹುದು.

ಸಿದ್ಧ ನಾಟಕವೇ ಬೇಕೆಂದರೆ ಕುವೆಂಪು ಅವರ ‘ಜಲಗಾರ’, ಕೈಲಾಸಂ ಅವರ ‘ಟೊಳ್ಳುಗಟ್ಟಿ’, ವೈದೇಹಿಯವರ ಮಕ್ಕಳ ನಾಟಕಗಳಿವೆ.  ಇನ್ನು ಪಾರಿಜಾತದಂಥ ಆಟಗಳನ್ನು ನೋಡಿಕೊಳ್ಳುವ ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಇರುವುದೇ ಬಾಗಲಕೋಟೆಯಲ್ಲಿ. ಈ ನಾಲ್ಕೂ ತಾಲ್ಲೂಕುಗಳ ಮುಖ್ಯಗುರುಗಳು ಅಲ್ಲಿಗೊಂದು ಪತ್ರ ಬರೆಯಲಿ. ಪಾರಿಜಾತದ ಕಲಾವಿದರೊಬ್ಬರನ್ನು ಒಂದು ಶನಿವಾರ ಶಾಲೆಗೆ ಕರೆಸಲಿ. ಬಂದ ಕಲಾವಿದರಿಗೆ ಗೌರವಧನ ಕೊಡುವುದನ್ನು ಮಾತ್ರ ಮರೆಯಬಾರದು.